ಮಹಾರಾಯ್ತಿಯ ಪಂಪು

ಟಕ್, ಟಕ್, ಟಕ್ — ಬಂತು ಎಂದುಕೊಂಡರೆ ಅಲ್ಲ, ಅದು ಮೇಲಿನ ಮಹಡಿಯ ನಲ್ಲಿಯ ಹನಿ, ತಗಡಿನ ಮೇಲೆ ಬೀಳುತ್ತಿದೆ, ಗಾಡಿಯ ಪಂಪಿನ ಸದ್ದಿಗೆ ಇಂಥ ಸೋಮಾರಿತನವಿಲ್ಲ, ಅದು ಕೀಲಿ ತಿರುಗಿಸಿದ ಕೂಡಲೇ ಅವಸರವಸರವಾಗಿ ಹೊಡೆದುಕೊಂಡು, ಟ್ಯಾಂಕಿನ ಪೆಟ್ರೋಲು ಕಾರ್ಬುರೇಟರಿನ ಬಟ್ಟಲಿಗೆ ತುಂಬುತ್ತ ಬಂದಂತೆ ನಿಧಾನವಾಗಿ, ಕೊನೆಗೊಂದು ಟಕ್ ಎಂದು, ಹಾಡಿದ ಪದ್ಯದ ಕೊನೆಯ ಸಾಲಿನ ಹಾಗೆ ತಾನಾಗಿ ನಿಲ್ಲಬೇಕು, ನಿಂತ ಮೇಲೆಯೇ ಎಂಜಿನ್ನು ಎಬ್ಬಿಸಬೇಕು, ಮಾತು ಮುಗಿಸ್ಲಿ ತಡಿ, ನಡುವೆ ಬಾಯಿ ಹಾಕಬಾರ್ದು, ಎನ್ನುತ್ತಿದ್ದ ಅಪ್ಪ, ಈ ಬೂದು ಬಣ್ಣದ ಗುಂಡುಬೆನ್ನಿನ ಹಳೇ ಕಾರಿಗೆ ಮಹಾರಾಯ್ತಿ ಎಂದು ಹೆಸರಿಟ್ಟವನು, ತನಗೆ ಕಾಯಿಲೆ ಗೀಯಿಲೆ ಬರುವ ಎಷ್ಟೋ ಮೊದಲೇ ಇದರ ಕೀಲಿಯನ್ನು ಮಗನ ಕೈಗಲ್ಲ, ಮಗಳ ಕೈಗೆ, ಇವಳ ಕೈಗೆ, ಇಟ್ಟವನು. ಇವತ್ತು ಮಧ್ಯಾಹ್ನ ಆ ಕೀಲಿ ಅಣ್ಣನ ಜೇಬಿಗೆ ಹೋಗಬೇಕಂತೆ. ಯಾಕೆ ಹೋಗಬೇಕು, ಯಾವ ನ್ಯಾಯ ಇದು — ನ್ಯಾಯದ ಮಾತು ಎತ್ತಿದರೆ ತನ್ನ ಬಾಯಿಯೇ ತನಗೆ ಶತ್ರು, ಇನ್ನೊಂದು ಸಲ ನಡುರಸ್ತೇಲಿ ನಿಂತ್ರೆ ಗಾಡಿ ನೀನೇ ತಗೊಂಡು ಹೋಗು ಎಂದು ಸೋದರತ್ತೆಯ ಮನೆಯ ಊಟದ ಮೇಜಿನಲ್ಲಿ, ನೆಂಟರೆಲ್ಲರ ಎದುರು, ಅಂದವಳು ತಾನೇ, ಸಿಟ್ಟಿನಲ್ಲಿ ಜಾರಿದ ಮಾತು ಅದು, ನೆಲಕ್ಕೆ ಬೀಳುವ ಮೊದಲೇ ಅಣ್ಣ ಎರಡೂ ಕೈಯಲ್ಲಿ ಹಿಡಿದುಕೊಂಡ, ಎಲ್ಲರೂ ಕೇಳಿಸ್ಕೊಂಡ್ರಲ್ಲ ಎಂದು ನಕ್ಕ, ಮೊನ್ನೆ ಅದು ನಿಂತೇ ನಿಂತಿತು, ತರಕಾರಿ ಅಂಗಡಿಯ ಮುಂದೆ, ಅತ್ತಿಗೆ ಚೀಲ ಹಿಡಿದು ಬರುತ್ತಿದ್ದಾಗಲೇ ನಿಲ್ಲಬೇಕೆ, ಅತ್ತಿಗೆ ಪಾಪ ತುಟಿ ಬಿಗಿಹಿಡಿದು ಟೊಮೆಟೋ ಆರಿಸುತ್ತ ನಿಂತಳು, ಆದರೆ ಮನೆಗೆ ಹೋಗಿ ಹೇಳದೆ ಇರುತ್ತಾಳೆಯೇ, ಸಂಜೆಯೇ ಅಣ್ಣನ ಫೋನು, ನಾಡಿದ್ದು ಊಟದ ಹೊತ್ತಿಗೆ ಬರ್ತೀನಿ ಕಣಮ್ಮ, ಕೀಲಿ ತೆಗೆದಿಡು. ಕಣಮ್ಮ ಅಂತೆ. ಜೇನು ಸವರಿದ ಚಾಕು.

ಅವನು ಈ ಕಥೆಯನ್ನು ಹೇಳುವ ಚೆಂದ ನೋಡಬೇಕು, ಎಲ್ಲಿ ನಾಲ್ಕು ಜನ ಸೇರಲಿ, ಕಾಫಿ ಲೋಟ ಕೈಗೆ ಬಂದರೆ ಸಾಕು, ಸೇತುವೆ ಮೇಲೆ ಗಾಡಿ ನಿಂತ ದಿನದ ಪಾರಾಯಣ ಶುರು, ಪ್ರತಿ ಸಲವೂ ಸೇತುವೆ ಒಂದಿಷ್ಟು ಉದ್ದವಾಗುತ್ತದೆ, ಹಿಂದೆ ನಿಂತ ವಾಹನಗಳ ಸಾಲು ಬೆಳೆಯುತ್ತದೆ, ಇವಳು ಸ್ಟೀರಿಂಗಿನ ಮೇಲೆ ತಲೆಯಿಟ್ಟು ಅತ್ತಳು ಎಂಬ ಒಗ್ಗರಣೆ ಬೇರೆ — ಅತ್ತಿರಲಿಲ್ಲ, ದೇವರೇ ಸಾಕ್ಷಿ, ಅತ್ತಿರಲಿಲ್ಲ, ಬಾನೆಟ್ಟು ಎತ್ತಿ ಪಂಪಿನ ತಲೆಗೆ ಕುಟ್ಟುತ್ತಿದ್ದಳು, ಈ ಮನೆಯವರೆಲ್ಲ ಮಾಡುವ ಹಾಗೆ. ಪಂಪು ಹಿಡಿದುಕೊಂಡರೆ ಕುಟ್ಟುವುದು, ಅದು ಈ ಮನೆಯ ವೈದ್ಯ, ಒಳಗೆ ಕರೆಂಟು ದಾಟಿಸುವ ಎರಡು ಪುಟ್ಟ ಬಿಲ್ಲೆಗಳು ಕಿಟ್ಟ ಹಿಡಿದು ಒಂದಕ್ಕೊಂದು ಮಾತು ಬಿಡುತ್ತವೆ, ಹೊರಗಿನಿಂದ ಒಂದು ಏಟು ಬಿದ್ದರೆ ರಾಜಿಯಾಗುತ್ತವೆ, ಅಪ್ಪ ಸ್ಕ್ರೂಡ್ರೈವರಿನ ಹಿಡಿಯಿಂದ ಕುಟ್ಟುತ್ತಿದ್ದ, ಅಮ್ಮ ಇದ್ದಷ್ಟು ದಿನ ಚಪ್ಪಲಿಯ ಹಿಮ್ಮಡಿಯಿಂದ, ಅಣ್ಣ ದಾರಿಯಲ್ಲಿ ಸಿಕ್ಕ ಕಲ್ಲಿನಿಂದ, ಇವಳು ಬಟ್ಟೆ ಹೊಲಿಯುವವಳು, ಚೀಲದಲ್ಲಿ ಸದಾ ಇರುವ ಕತ್ತರಿಯ ಹಿಡಿಯಿಂದ, ಪಂಪಿನ ತಲೆಯ ಮೇಲೆ ಬಣ್ಣ ಹೋಗಿ ಒಂದು ಬೋಳು ಜಾಗವೇ ಆಗಿತ್ತು. ಹಾಗೆ ನಿಂತದ್ದು ಆಗ ವರ್ಷಕ್ಕೊಮ್ಮೆಯೋ ಏನೋ. ಅಪ್ಪನಿಗೆ ಕಾಯಿಲೆ ಹಿಡಿದು ಅಣ್ಣನ ಮನೆಯಲ್ಲಿ ಮಲಗಿದ ಮೇಲೆ, ವಾರ ವಾರ ಅವನನ್ನು ಆಸ್ಪತ್ರೆಗೆ ಕರೆದೊಯ್ಯುವ ಕೆಲಸ ಇವಳದಾದ ಮೇಲೆ, ಆಮೇಲೆ ಹಿಡಿಯಿತು ಶನಿ, ಮನೆಯಿಂದ ಹೊರಟು ಸ್ವಲ್ಪ ದೂರ ಚೆನ್ನಾಗಿ ಓಡುವುದು, ಆಮೇಲೆ ಕೆಮ್ಮುವುದು, ನಿಲ್ಲುವುದು, ಕುಟ್ಟಿದರೂ ಮಾತಿಲ್ಲ, ಕುಟ್ಟಿ ಕುಟ್ಟಿ ಸಾಕಾಗಿ ಸುಮ್ಮನೆ ನಿಂತ ಮೇಲೆ ಮತ್ತೆ ಏನೂ ಆಗದವರ ಹಾಗೆ ಹೊರಡುವುದು, ಬಂಕಿಗೆ ಹೋಗಿ ಪೆಟ್ರೋಲು ಹಾಕಿಸಿದ ದಿನ ಮಾತ್ರ ದೂರ ಓಡುತ್ತಿತ್ತು, ಹೊಟ್ಟೆ ತುಂಬಿದ್ರೆ ನಡೀತಾಳೆ ನಮ್ಮಮ್ಮನ ಹಾಗೆ ಎಂದು ಅಣ್ಣ ಅದಕ್ಕೂ ನಗುತ್ತಿದ್ದ. ಆ ದಿನ ಸೇತುವೆಯ ಮೇಲೆ, ಹಿಂದೆ ಹಾರ್ನುಗಳು ಬಡಿದುಕೊಳ್ಳುತ್ತಿರುವಾಗ, ಇವಳು ಕೈಗೆ ಮಸಿ ಮೆತ್ತಿಕೊಂಡು ಬಂದು ಸೀಟಿನಲ್ಲಿ ಕೂತು ಕೀಲಿಗೆ ಕೈ ಹಾಕಿದಾಗ, ಹಿಂದಿನ ಸೀಟಿನಲ್ಲಿ ಅಣ್ಣನ ಪಕ್ಕ ಕಂಬಳಿ ಹೊದ್ದು ಒರಗಿದ್ದ ಅಪ್ಪ ಕಣ್ಣು ಬಿಡದೆಯೇ ಅಂದ — ನೀನು ಇಳಿ, ಅವನು ಓಡಿಸ್ಲಿ. ಇಳಿದಳು. ಏನು ಮಾಡುತ್ತಾಳೆ, ಇಳಿದಳು. ಅಣ್ಣ ಬಂದು ಕೂತ, ಕೀಲಿ ತಿರುಗಿಸಿದ, ಪಂಪು ಹೊಡೆದುಕೊಂಡಿತು, ಗಾಡಿ ಹೊರಟಿತು. ಅಷ್ಟೇ. ಅಷ್ಟಕ್ಕೇ ಅವನು ಗಾಡಿಯ ಮರ್ಮ ಬಲ್ಲವನಾದ, ಇವಳು ಕೈಗುಣ ಕೆಟ್ಟವಳಾದಳು, ಅದಾದ ಮೇಲೆ ಅಪ್ಪ ಈ ಗಾಡಿ ಹತ್ತಲಿಲ್ಲ, ಟ್ಯಾಕ್ಸಿ ತರಿಸಿಕೊಂಡ, ತಿಂಗಳೊಪ್ಪತ್ತಿನಲ್ಲಿ ಹೋಗಿಬಿಟ್ಟ, ಇಷ್ಟು ವರ್ಷ ನನ್ನ ಮಗಳ ಕಾಲಿಗೆ ಕಿವಿ ಇದೆ, ಕ್ಲಚ್ಚು ಬಿಡೋದು ನೋಡಿ ಎಂದು ಕಂಡಕಂಡವರಿಗೆ ಹೇಳುತ್ತಿದ್ದವನು ಕೊನೆಗೆ ಬಿಟ್ಟುಹೋದ ಮಾತು ಅದು, ನೀನು ಇಳಿ. ಗಾಡಿ ಹೋದರೆ ಹೋಗಲಿ, ಹಳೇ ತಗಡು, ಆದರೆ ಅದು ಅಣ್ಣನ ಮನೆಯ ಮುಂದೆ ನಿಂತ ದಿನ ಆ ಮಾತಿಗೆ ಮೊಹರು ಬೀಳುತ್ತದೆ, ಅಪ್ಪ ಹೇಳಿದ್ದು ಸರಿ ಎಂದಾಗುತ್ತದೆ, ಅದನ್ನು ಇವಳು ಉಸಿರಿರುವ ತನಕ ಒಪ್ಪಲಾರಳು.

ಅದಕ್ಕೇ ಬೆಳಗಿನಿಂದ ಈ ಶೆಡ್ಡಿನಲ್ಲಿ ಬಾನೆಟ್ಟಿನ ಕೆಳಗೆ ಅರ್ಧ ದೇಹ ತೂರಿಸಿ ನಿಂತಿದ್ದಾಳೆ, ಹಳೆಯ ಪಂಪು ಬಿಚ್ಚಿ ತಟ್ಟೆಯಲ್ಲಿ ಮಲಗಿಸಿಯಾಯಿತು, ಹೊಸದು ಡಬ್ಬದಿಂದ ಹೊರಬಂದಿದೆ, ಹೊಳೆಯುತ್ತದೆ, ನಿನ್ನೆ ಹುಟ್ಟಿದ ಕೂಸಿನ ಹಾಗೆ ತಲೆಯ ಮೇಲೆ ಒಂದು ಏಟೂ ಬೀಳದೆ. ಗಂಡ ಮೆಟ್ಟಿಲ ಮೇಲೆ ಕೂತು ಬೋಲ್ಟುಗಳನ್ನು ಸಾಸರಿನಲ್ಲಿ ಹಿಡಿದುಕೊಂಡಿದ್ದಾನೆ, ಗಾಡಿ ಓಡಿಸಲು ಬರದ, ಕಲಿಯುವ ಆಸೆಯೂ ಇಲ್ಲದ ಸುಖಜೀವಿ, ಇದು ಯಾವುದರದ್ದೇ ಎನ್ನುತ್ತಾನೆ, ಕೊಡ್ರೀ ಇತ್ಲಾಗೆ ಎನ್ನುತ್ತಾಳೆ, ಅವನ ಮೇಲೆ ಸಿಟ್ಟಿಲ್ಲ, ಸಿಟ್ಟು ಆ ಗ್ಯಾರೇಜಿನ ಮೇಸ್ತ್ರಿಯ ಮೇಲೆ, ಪಂಪು ಕೊಳ್ಳಲು ಹೋದಾಗ ಪ್ರಶ್ನೆ ಕೇಳಿದವಳು ಇವಳು, ಅವನು ಉತ್ತರ ಕೊಟ್ಟದ್ದು ಇವಳ ಗಂಡನಿಗೆ, ಸಾರ್, ಮೇಡಮ್ಮಿಗೆ ಸ್ವಲ್ಪ ಹೇಳಿ, ಕ್ಲಚ್ ಮೇಲೆ ಕಾಲಿಟ್ಕೊಂಡು ಓಡಿಸ್ಬಾರ್ದು ಅಂತ, ಗಂಡ ಗಂಭೀರವಾಗಿ ತಲೆಯಾಡಿಸಿದ, ದಾರಿಯಲ್ಲಿ ಮೆಲ್ಲಗೆ ಕೇಳಿದ, ಕ್ಲಚ್ ಅಂದ್ರೆ ಯಾವುದೇ, ಎಡಗಡೇದಾ? ನಗು ಬಂತು ಆಗ, ಈಗ ಬರುವುದಿಲ್ಲ, ಈಗ ಸ್ಪ್ಯಾನರು ಜಾರಿ ಬೆರಳಗಂಟಿನ ಚರ್ಮ ಕಿತ್ತಿದೆ, ಕಿತ್ತುಹೋಗಲಿ, ಕ್ಲಚ್ಚಿಗೂ ಪಂಪಿಗೂ ಏನು ಸಂಬಂಧವೋ ಮಹಾನುಭಾವ, ನನ್ನ ಕಾಲು ಎಲ್ಲಿ, ಪೆಟ್ರೋಲಿನ ಕೊಳವೆ ಎಲ್ಲಿ, ಹೆಂಗಸು ಓಡಿಸುವ ಗಾಡಿಯಲ್ಲಿ ಏನು ಕೆಟ್ಟರೂ ಅವಳ ಕಾಲ ಕೆಳಗೇ ಕೆಟ್ಟಿರುತ್ತದೆ ಅಲ್ಲವೇ, ಆಕಾಶದಿಂದ ಕಲ್ಲು ಬಿದ್ದು ಗಾಜು ಒಡೆದರೂ ಗೂಬೆ ಕೂರುವುದು ಇವಳ ತಲೆಯ ಮೇಲೆ — ಕೊಳವೆ ಕೂತಿತು, ತಂತಿ ಕೂತಿತು, ಬಿಗಿ, ಇನ್ನಷ್ಟು ಬಿಗಿ, ಅತಿಯಾಗಿ ಬೇಡ, ಗುಂಡಿಗೆ ದಾರ ಸುತ್ತಿದಷ್ಟು. ಕೈ ಒರೆಸಿ ಒಳಗೆ ಕೂತು ಕೀಲಿ ತಿರುಗಿಸಿದಳು. ಟಕಟಕಟಕ, ಹೊಸ ಗಂಟಲು, ಸ್ವಲ್ಪ ಎತ್ತರದ ಶ್ರುತಿ, ಆದರೆ ಲಯ ಅದೇ, ಕಣ್ಣು ಮುಚ್ಚಿ ಕೇಳಿದಳು, ಟಕ — ಟಕ — ಟಕ್. ಪೂರ್ಣವಿರಾಮ. ಎಂಜಿನ್ನು ಎದ್ದಿತು. ಒಂದು ಸುತ್ತು ಹೋಗಿಬರ್ತೀನಿ ಎಂದಳು, ಗಂಡ ಖಾಲಿ ಸಾಸರನ್ನು ಎತ್ತಿ ತೋರಿಸಿದ, ಒಂದೂ ಉಳಿದಿಲ್ಲ ನೋಡು ಎನ್ನುವ ಹೆಮ್ಮೆಯಿಂದ, ಎಲ್ಲ ತಾನೇ ಬಿಗಿದವನ ಹಾಗೆ, ಮತ್ತು ಮಹಾರಾಯ್ತಿ ಬೀದಿಗಿಳಿದಳು, ಲಾಂಡ್ರಿ ದಾಟಿ, ಔಷಧಿ ಅಂಗಡಿ ದಾಟಿ, ಶಾಲೆಯ ಉದ್ದನೆ ಗೋಡೆ, ಬಿಸಿಲು ಬಾನೆಟ್ಟಿನ ಮೇಲೆ ಹರಿದಾಡುತ್ತದೆ, ಬರಲಿ ಅಣ್ಣ, ಊಟದ ಹೊತ್ತಿಗೆ ಬರಲಿ, ಬಾಗಿಲಲ್ಲೇ ನಿಲ್ಲಿಸಿ, ಹತ್ತು, ಒಂದು ಸುತ್ತು ಕರ್ಕೊಂಡು ಹೋಗ್ತೀನಿ ಎನ್ನುತ್ತೇನೆ, ಆ ಸೇತುವೆಯ ಮೇಲೇ ಕರೆದೊಯ್ಯುತ್ತೇನೆ, ಹೋಗಿ ಬಂದು ಹೋಗಿ ಬಂದು —

ಕೆಮ್ಮಿತು. ಇಲ್ಲ, ರಸ್ತೆಯ ಉಬ್ಬು ಇರಬೇಕು, ಮತ್ತೆ ಕೆಮ್ಮಿತು, ವೃತ್ತದ ಹತ್ತಿರ ಬರುವಾಗ ಆಕ್ಸಿಲರೇಟರಿನ ಕೆಳಗೆ ಏನೂ ಇಲ್ಲ, ನೀರಿನಲ್ಲಿ ಕಾಲಿಟ್ಟ ಹಾಗೆ, ಎಡಕ್ಕೆ ಎಳೆದು ಬೇಕರಿಯ ಮುಂದೆ ನಿಲ್ಲಿಸುವಷ್ಟರಲ್ಲಿ ಎಂಜಿನ್ನು ಸತ್ತಿತು. ಕೀಲಿ ತಿರುಗಿಸಿದರೆ ಮೌನ. ಹೊಸ ಪಂಪು, ಒಳಗಿನ ಬಿಲ್ಲೆಗಳಿಗೆ ಕಿಟ್ಟ ಹಿಡಿಯಲು ಪುರುಸೊತ್ತೇ ಆಗಿಲ್ಲ, ಆದರೂ ಮೌನ. ಕೀಲಿಯನ್ನು ತಿರುಗಿಸಿದ ಹಾಗೇ ಬಿಟ್ಟು, ಇಳಿದು ಬಾನೆಟ್ಟು ಎತ್ತಿ, ನಾಚಿಕೆಗೆಟ್ಟು, ಆ ಹೊಳೆಯುವ ತಲೆಗೂ ಕತ್ತರಿಯ ಹಿಡಿಯಿಂದ ಕುಟ್ಟಿದಳು, ಅನ್ನಿಸಿತು, ಅವರು ಹೇಳುವುದೇ ನಿಜವೇನೋ, ಏನೋ ಇದೆ ನನ್ನ ಕೈಯಲ್ಲಿ, ಮುಟ್ಟಿದ್ದೆಲ್ಲ ನಿಲ್ಲುವಂಥದ್ದು — ಅಷ್ಟರಲ್ಲಿ ಸ್ಕೂಟರಿನವನೊಬ್ಬ ನಿಧಾನಿಸಿ, ಹೆಲ್ಮೆಟ್ಟಿನ ಒಳಗಿಂದ, ಅಕ್ಕಾ, ಪೆಟ್ರೋಲ್ ಇದೆಯಾ ನೋಡ್ಕೊಳ್ಳಿ ಮೊದ್ಲು, ಎಂದು ಹೇಳಿ ನಕ್ಕು ಹೋದ. ಪೆಟ್ರೋಲ್ ಇದೆಯಾ ಅಂತೆ. ಮೈಯೆಲ್ಲ ಧಗ್ ಎಂದಿತು, ಹೋದವನ ಬೆನ್ನಿಗೆ ತೋರಿಸುವವಳ ಹಾಗೆ ದಡದಡ ಹಿಂದಕ್ಕೆ ಹೋಗಿ, ಡಿಕ್ಕಿಯ ಪಕ್ಕದ ಟ್ಯಾಂಕಿನ ಮುಚ್ಚಳ ಹಿಡಿದು ತಿರುಪಿದಳು, ನೋಡೋ, ಅರ್ಧ ಟ್ಯಾಂಕು ಇದೆ ನೋಡೋ — ಮುಚ್ಚಳ ಹೀರಿಕೊಂಡಂತೆ ಹಿಡಿದಿತ್ತು, ಬಿಡಲಿಲ್ಲ, ಇನ್ನೊಮ್ಮೆ ಬಲ ಹಾಕಿದಾಗ ಉಸ್ಸ್ಸ್ ಎಂದು ಉದ್ದನೆಯದೊಂದು ಉಸಿರು ಒಳಕ್ಕೆ ಹೋಯಿತು, ಹೊರಕ್ಕಲ್ಲ, ಒಳಕ್ಕೆ, ಮತ್ತು ಆ ಉಸಿರಿನ ಬಾಲದಲ್ಲೇ, ಗಾಡಿಯ ಆ ತುದಿಯಿಂದ, ಎತ್ತಿದ ಬಾನೆಟ್ಟಿನ ಕೆಳಗಿಂದ, ಯಾರೂ ಮುಟ್ಟದೆ ಯಾರೂ ಕುಟ್ಟದೆ, ಟಕಟಕಟಕಟಕ. ಮುಚ್ಚಳ ಹಿಡಿದು ಬೇಕರಿಯ ಮುಂದೆ ನಿಂತೇ ಇದ್ದಳು. ಕೇಳಿದಳು. ಕೊನೆಯ ಟಕ್ ತನಕ ಕೇಳಿದಳು. ಟ್ಯಾಂಕಿಗೂ ಉಸಿರು ಬೇಕು ಮಗಳೇ — ಗಾಡಿ ಕಲಿಸುವಾಗ ಅಪ್ಪ ಮೊದಲು ಹೇಳಿಕೊಟ್ಟ ಪಾಠ ಅದು, ನಕ್ಷೆ ಬರೆದು ಜೀವನ ಮಾಡಿದವನು, ಬರೆಯದೆ ಏನನ್ನೂ ಹೇಳಲು ಬರುತ್ತಿರಲಿಲ್ಲ ಅವನಿಗೆ, ಟ್ಯಾಂಕು ಬರೆದ, ಕೊಳವೆ ಬರೆದ, ಆಮೇಲೆ ನೀರು ತುಂಬಿದ ಸೀಸೆಗೆ ನಳಿಗೆ ಹಾಕಿ ಅದರ ಬಾಯಿಗೆ ಮೇಣ ಮೆತ್ತಿ, ಈಗ ಕುಡಿ ಎಂದ, ಎಳೆದಳು, ಒಂದಿಷ್ಟು ಬಂತು, ಆಮೇಲೆ ಕೆನ್ನೆ ಒಳಕ್ಕೆ ಹೋಯಿತೇ ಹೊರತು ಹನಿ ಬರಲಿಲ್ಲ, ಉಗುರಿನಿಂದ ಮೇಣಕ್ಕೊಂದು ತೂತು ಮಾಡಿದ, ಗಟಗಟ ಬಂತು, ಹೋಗೋ ಪೆಟ್ರೋಲಿನ ಜಾಗಕ್ಕೆ ಗಾಳಿ ಬರಬೇಕು, ಅದಕ್ಕೇ ಮುಚ್ಚಳದಲ್ಲೊಂದು ಪುಟ್ಟ ಕಂಡಿ ಇಟ್ಟಿರ್ತಾರೆ, ಅದೇ ಇವಳ ಮೂಗು, ಮೂಗು ಮುಚ್ಚಿದರೆ ಮಹಾರಾಯ್ತಿ ನಡೆಯಲ್ಲ. ಮುಚ್ಚಳ ತಿರುಗಿಸಿ ಒಳಮೈ ನೋಡಿದಳು. ಕಂಡಿ ಕಾಣಲಿಲ್ಲ. ಅದರ ಮೇಲೆ ಕೋಟಿನ ಗುಂಡಿಯ ಹಾಗೆ ದುಂಡಗೆ ಒಂದು ರಬ್ಬರಿನ ಬಿಲ್ಲೆ, ಅಂಟು ಹಾಕಿ ಒತ್ತಿ ಕೂರಿಸಿದ್ದು, ಕಪ್ಪು ಹಿಡಿದಿತ್ತು, ಉಗುರು ಹಾಕಿ ಎಬ್ಬಿಸಿದಾಗ ಅಂಚಿನಲ್ಲಿ ಕೆಂಪು ಕಂಡಿತು, ಕೆಂಪಿನ ಮೇಲೆ ಸಾಲು ಸಾಲು ಗೀರು. ಬಿಸಿನೀರಿನ ಚೀಲ. ಅಪ್ಪನ ಕಾಲಡಿ ಇಡುತ್ತಿದ್ದ, ಸೋರಲು ಶುರುವಾದ ಮೇಲೆ ಅಣ್ಣ ಎಸೆಯದೆ ಇಟ್ಟುಕೊಂಡ ಚೀಲ, ಏನನ್ನೂ ಎಸೆಯದವನು, ಅವನ ಮನೆಯ ನಲ್ಲಿಯ ವಾಷರು ಅದು, ಫ್ರಿಜ್ಜಿನ ಕಾಲಿಗೆ ಮೆತ್ತೆ ಅದು, ಕಿಟಕಿ ಬಡಿಯದ ಹಾಗೆ ಸಂದಿಗೆ ತುರುಕಿದ್ದು ಅದು, ಆ ಮನೆಯಲ್ಲಿ ಎಲ್ಲಿ ನೋಡಿದರೂ ಆ ಕೆಂಪು ರಬ್ಬರು.

ನೀನೇ. ಬಿಲ್ಲೆಯನ್ನು ಪಕ್ಕದ ಸೀಟಿನ ಮೇಲೆ ಇಟ್ಟುಕೊಂಡು ಓಡಿಸಿದಳು, ಗಾಡಿ ಬೆಣ್ಣೆಯ ಮೇಲೆ ಹೋದ ಹಾಗೆ ಹೋಯಿತು, ನೀನೇ ಮೂಗು ಮುಚ್ಚಿ, ನೀನೇ ಊರ ತುಂಬ ಡಂಗುರ ಹೊಡೆದೆ, ನೀನೇ ಕೀಲಿ ಕಿತ್ತುಕೊಳ್ಳಲು ಬರುತ್ತೀ, ಮನೆಗೆ ಬಾ, ಸೋದರತ್ತೆಯನ್ನು ಕರೆಸುತ್ತೇನೆ, ಆ ಮೇಸ್ತ್ರಿಯನ್ನು ಕರೆಸುತ್ತೇನೆ, ಅದೇ ಮೇಜಿನ ಮೇಲೆ ಇದನ್ನಿಟ್ಟು, ಎಲ್ಲರೂ ನೋಡಿಕೊಂಡ್ರಲ್ಲ ಎನ್ನುತ್ತೇನೆ, ಒಂದೊಂದು ತಿರುವಿನಲ್ಲೂ ಒಂದೊಂದು ಮಾತು ಹೊಳೆಯಿತು, ಒಂದಕ್ಕಿಂತ ಒಂದು ಹರಿತ, ಬಿಲ್ಲೆ ಸೀಟಿನ ಮೇಲೆ ಸ್ವಲ್ಪ ಜಾರುತ್ತದೆ, ನಿಲ್ಲುತ್ತದೆ, ಕಣ್ಣು ಮತ್ತೆ ಮತ್ತೆ ಅಲ್ಲಿಗೇ ಹೋಗುತ್ತದೆ. ಅಣ್ಣ ಆಗಲೇ ಬಂದು ಮೆಟ್ಟಿಲ ಮೇಲೆ ಗಂಡನ ಪಕ್ಕ ಕೂತಿದ್ದ, ಕಾಫಿ ಲೋಟ ಕೈಯಲ್ಲಿ, ಓ, ಬಂದ್ಳಪ್ಪ, ತಳ್ಳಿಸ್ಕೊಂಡು ಬರ್ತೀಯೇನೋ ಅಂದ್ಕೊಂಡಿದ್ದೆ ಎಂದ. ಬಿಲ್ಲೆಯನ್ನು ಮುಷ್ಟಿಯಲ್ಲಿ ಹಿಡಿದು ಇಳಿದಳು. ಕೈ ಚಾಚು ಅಣ್ಣ ಎಂದಳು. ಕೀಲಿ ಬರುತ್ತದೆಂದು ಚಾಚಿದ, ಅಂಗೈಯಲ್ಲಿ ಬಿಲ್ಲೆ ಇಟ್ಟಳು, ಟ್ಯಾಂಕಿನ ಮುಚ್ಚಳದೊಳಗೆ ಸಿಕ್ತು, ಇದರಿಂದ್ಲೇ ಇಷ್ಟು ದಿನ ನಿಂತದ್ದು, ಸೇತುವೆ ಮೇಲೂ ಇದರಿಂದ್ಲೇ, ನಿನ್ನ ಮನೆ ಚೀಲ ಇದು, ನೀನು ಹಾಕಿದ್ದು. ಅವನು ಬಿಲ್ಲೆ ನೋಡಿದ, ಲೋಟ ಕೆಳಗಿಟ್ಟ, ಮುಖದಿಂದ ನಗು ನಿಧಾನವಾಗಿ ಇಳಿದುಹೋಯಿತು, ಇದರಿಂದ ಗಾಡಿ ನಿಲ್ಲುತ್ತಾ, ನಿಜವಾಗ್ಲೂ, ನಂಗೆ ಗೊತ್ತಿರ್ಲಿಲ್ಲ ಕಣೇ, ಮುಚ್ಚಳಕ್ಕೆ ಒತ್ತಿ ಕೂರ್ಸಿದ್ದು ನಾನೇ, ಆದ್ರೆ ಕತ್ತರಿಸಿ ಕೊಟ್ಟಿದ್ದು ಅಪ್ಪ. ಸುಳ್ಳು ಎಂದಳು. ಅವನು ದನಿ ಏರಿಸಲಿಲ್ಲ, ಅದು ಅವನ ರೀತಿಯಲ್ಲ, ಆ ಔಷಧಿ ಶುರುವಾದ್ಮೇಲೆ ಪೆಟ್ರೋಲ್ ವಾಸನೆ ತಡೆಯಕ್ಕಾಗ್ತಿರ್ಲಿಲ್ಲ ಅಪ್ಪಂಗೆ, ಈ ಗಾಡಿ ಹತ್ತಿದ್ರೆ ಹೊಟ್ಟೆ ತೊಳಸ್ತಿತ್ತು, ಮುಚ್ಚಳದ ಕಂಡಿಯಿಂದ್ಲೇ ಬರೋದು ಆ ವಾಸನೆ ಅಂದ, ನೀನು ಒಳಗೆ ನಿಮ್ಮತ್ತಿಗೆ ಹತ್ರ ಮಾತಾಡ್ತಿದ್ದೆ, ಬೇಗ ಹಾಕು ಅವಳು ಬರೋದ್ರೊಳಗೆ ಅಂದ, ಮಹಾರಾಯ್ತಿ ವಾಸನೆ ನಂಗಾಗಲ್ಲ ಅಂತ ಅವಳಿಗೆ ಯಾವ ಬಾಯಲ್ಲಿ ಹೇಳ್ಲಿ ಅಂದ.

ಸುಳ್ಳು, ಸತ್ತವನ ಮೇಲೆ ಹಾಕಿ ಕೈ ತೊಳೆದುಕೊಳ್ಳುತ್ತಿದ್ದಾನೆ, ಇದಕ್ಕಿಂತ ನೀಚತನ ಉಂಟೇ, ಅವನ ಅಂಗೈಯಿಂದ ಬಿಲ್ಲೆ ಕಿತ್ತುಕೊಂಡು ಬೆಳಕಿಗೆ ಹಿಡಿದಳು, ಅಂಚು ನೋಡಿದರೆ ಸಾಕು ಅವಳಿಗೆ, ಯಾವ ಕೈ ಕತ್ತರಿಸಿದ್ದು ಎಂದು ಬಟ್ಟೆಯೇ ಹೇಳುತ್ತದೆ, ಅವನ ಮನೆಯ ನಲ್ಲಿಯ ವಾಷರುಗಳು ಎಲ್ಲವೂ ಕಚ್ಚಿಬಿಟ್ಟ ಬಿಸ್ಕತ್ತಿನ ಹಾಗೆ, ಚಿಕ್ಕಂದಿನಿಂದಲೂ ಅವನ ಕೈಯಲ್ಲಿ ಒಂದು ಗಾಳಿಪಟದ ಕಾಗದವೂ ನೆಟ್ಟಗೆ ತುಂಡಾದದ್ದಿಲ್ಲ, ಇದರ ಅಂಚಿನಲ್ಲಿ ಕತ್ತರಿಯ ಹಲ್ಲಿಲ್ಲ, ತಡವರಿಕೆಯಿಲ್ಲ, ಬ್ಲೇಡು ಒಂದೇ ಉಸಿರಿಗೆ ಸುತ್ತಿ ಬಂದಿದೆ, ನಕ್ಷೆ ಬರೆಯುವ ಕೈವಾರದಲ್ಲಿ ಮೊದಲು ಗೆರೆ ಎಳೆದು ಆ ಗೆರೆಯ ಮೇಲೇ ಕತ್ತರಿಸಿದ್ದು, ಕೈವಾರದ ಮುಳ್ಳು ಊರಿದ ಚುಕ್ಕೆ ನಟ್ಟನಡುವೆ ಹಾಗೇ ಇದೆ. ಗಾಡಿ ನೀನೇ ಇಟ್ಕೊ ತಂಗಿ, ಎನ್ನುತ್ತಿದ್ದಾನೆ ಅಣ್ಣ, ನಾನೇ ಅತ್ತೆಗೆ ಹೇಳ್ತೀನಿ, ಎಲ್ಲರಿಗೂ ಹೇಳ್ತೀನಿ, ನಂದೇ ತಪ್ಪು ಅಂತ್ಲೇ ಹೇಳ್ತೀನಿ ಬಿಡು — ಹೇಳಲಿ, ಗೆದ್ದಳಲ್ಲ, ಕೀಲಿ ಇಲ್ಲೇ ಇದೆಯಲ್ಲ, ಎಲ್ಲಿ ಹೋಯಿತು ಆ ಸಿಟ್ಟು, ಬೆಳಗಿನಿಂದ ಹೊತ್ತು ತಂದದ್ದು, ಇಳಿಸಲು ಜಾಗ ಸಿಗದೆ ಎದೆಯೊಳಗೇ ತಿರುಗುತ್ತಿದೆ, ಅಪ್ಪ, ಸೀಸೆಗೆ ಮೇಣ ಮೆತ್ತಿದವನು ನೀನು, ಮೂಗು ಮುಚ್ಚಿದರೆ ಏನಾಗುತ್ತದೆಂದು ನಿನಗಿಂತ ಬಲ್ಲವರು ಯಾರು, ಹಾಗಾದರೆ ಸೇತುವೆಯ ಮೇಲೆ, ನಾನು ಕುಟ್ಟುವ ಸದ್ದು ಕೇಳುತ್ತ, ಕಂಬಳಿಯೊಳಗೆ ಕಣ್ಣು ಮುಚ್ಚಿ ಕೂತು, ಯಾಕೆ ನಿಂತಿತೆಂದು ಗೊತ್ತಿದ್ದೂ — ಇಲ್ಲ, ಔಷಧಿಯ ಮಂಪರು, ನೀನು ಮರೆತಿದ್ದೆ, ನನ್ನ ಹೆಸರನ್ನೂ ಒಂದೊಂದು ದಿನ ಮರೆಯುತ್ತಿದ್ದೆ — ಆದರೆ ಕತ್ತರಿಸುವಾಗ ಮರೆತಿರಲಿಲ್ಲ, ನಡುಗುವ ಆ ಕೈ ಇಷ್ಟು ದುಂಡಗೆ, ಅಳತೆಗೆ ಕೂದಲೆಳೆಯೂ ಹೆಚ್ಚುಕಡಿಮೆಯಿಲ್ಲದೆ — ವಾಸನೆ ಆಗುವುದಿಲ್ಲ ಎಂದಿದ್ದರೆ ಹೆಗಲ ಮೇಲೆ ಹೊತ್ತುಕೊಂಡು ಹೋಗುತ್ತಿದ್ದೆನಲ್ಲ, ಹೇಳಬಾರದಿತ್ತೇ, ಅದೊಂದನ್ನು ಹೇಳಲಾರದವನು, ನೀನು ಇಳಿ ಎಂದು ಹೇಗೆ — ಯಾರೋ ಏನೋ ಅನ್ನುತ್ತಿದ್ದಾರೆ, ಗಂಡನಿರಬೇಕು, ಒಳಗೆ ಬಾರೇ ಎನ್ನುತ್ತಿದ್ದಾನೆ — ಕೆಂಪು ರಬ್ಬರು, ಸುತ್ತ ತಪ್ಪಿಲ್ಲದ ಆ ಅಂಚು, ನಡುವೆ ಮುಳ್ಳು ಊರಿದ ಚುಕ್ಕೆ, ಬೆರಳಲ್ಲಿ ಸವರಿದರೆ ತಗಲುತ್ತದೆ, ಸವರಿದಳು, ಮತ್ತೆ ಸವರಿದಳು, ಚುಕ್ಕೆ, ಕೈ ನಡುಗದ ಚುಕ್ಕೆ